ಉಬುಂಟು ಅಪ್‌ಗ್ರೇಡ್ ಮಾಡಿದ ಮೇಲೆ ಎರಡನೇ ಹಾರ್ಡ್‌ಡಿಸ್ಕ್ ಮೌಂಟ್ ಆಗ್ತಿಲ್ಲ, ಎಮರ್ಜೆನ್ಸಿ ಮೋಡ್‌ಗೆ ಹೋಗ್ತಿದೆ. ಬ್ಯಾಕಪ್ ಇದೆ. ಫಾರ್ಮ್ಯಾಟ್ ಮಾಡಿಬಿಡಲಾ, ಹಳೇ ಆವೃತ್ತಿಗೆ ವಾಪಸ್ ಹೋಗಲಾ?

‘ಬ್ಯಾಕಪ್ ಇದೆ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಮೊದಲು ಎದ್ದು ಹೋಗಿ ಆ ಬ್ಯಾಕಪ್ ಡಿಸ್ಕಿನ ಕೇಬಲ್ ಕಿತ್ತಿಡಿ. ಉಳಿದದ್ದು ಆಮೇಲೆ ಓದಿದರಾಯಿತು.

2022ರ ಆಗಸ್ಟ್. ಉಬುಂಟು 20.04 ಇದ್ದವರಿಗೆಲ್ಲ ‘22.04 ಬಂದಿದೆ, ಅಪ್‌ಗ್ರೇಡ್ ಮಾಡಿ’ ಎಂದು ಕೇಳಲು ಶುರುವಾದ ತಿಂಗಳು. ನಮ್ಮದು ಕುಮಟಾ ಕಡೆ, ಹೊರಗೆ ಧೋ ಎಂದು ಮಳೆ, ಬೇರೆ ಕೆಲಸವಿಲ್ಲ. ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿ ಉಬುಂಟು ಇರುವ ಎಸ್‌ಎಸ್‌ಡಿ, ಒಂದು ಟಿಬಿಯ ಡೇಟಾ ಡಿಸ್ಕ್, ಮತ್ತೆ ಸತ್ತುಹೋದ ಇನ್ನೊಂದು ಕಂಪ್ಯೂಟರಿನಿಂದ ಬಿಚ್ಚಿ ತಂದು ಜೋಡಿಸಿದ ವಿಂಡೋಸ್ ಡಿಸ್ಕ್. ಡೇಟಾ ಡಿಸ್ಕಿನಲ್ಲಿದ್ದದ್ದು ಅಪ್ಪ ಊರೂರು ತಿರುಗಿ ರೆಕಾರ್ಡ್ ಮಾಡಿದ್ದ ತಾಳಮದ್ದಳೆ. ಇನ್ನೂರರ ಹತ್ತಿರ ಕ್ಯಾಸೆಟ್ಟುಗಳನ್ನು ಎರಡು ಮಳೆಗಾಲ ಕೂತು ಓಡಿಸಿ ಎಂಪಿ3 ಮಾಡಿದ್ದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಕೆಲಸ ಮುಗಿದದ್ದೇ ಎಸೆದಿದ್ದೆ. (ಈ ಮಾತಿಗೆ ಅಮ್ಮ ಇವತ್ತಿಗೂ ನನ್ನ ಮುಖ ನೋಡುತ್ತಾಳೆ.)

ಅಪ್‌ಗ್ರೇಡ್ ಬೆಣ್ಣೆಯ ಹಾಗೆ ಆಯಿತು. ಎಮರ್ಜೆನ್ಸಿ ಮೋಡ್ ಇಲ್ಲ, ಕಪ್ಪು ಪರದೆ ಇಲ್ಲ. ನಾಲ್ಕು ದಿನ ಬಿಟ್ಟು ಒಂದು ಪ್ರಸಂಗ ಕೇಳೋಣವೆಂದು ಡೇಟಾ ಫೋಲ್ಡರ್ ತೆರೆದೆ. ಖಾಲಿ. ಕೈಯಿಂದ ಮೌಂಟ್ ಮಾಡಲು, ಅಂದರೆ ಡಿಸ್ಕನ್ನು ಆ ಫೋಲ್ಡರಿಗೆ ಜೋಡಿಸಲು, ಹೋದರೆ ಒಂದೇ ಸಾಲಿನ ಉತ್ತರ: ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್.

ನನಗೆ ಕಂಡದ್ದು ‘ಬ್ಯಾಡ್ ಸೂಪರ್‌ಬ್ಲಾಕ್’ ಒಂದೇ. ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟೆ. ಆ ಸಾಲು ಕೊಡುವುದು ಸಂಶಯಗಳ ಪಟ್ಟಿಯನ್ನು, ಇದೋ ಅದೋ ಮತ್ತೊಂದೋ ಇರಬಹುದು ಎಂದು. ನನ್ನದು ಅದರ ಮೊದಲನೆಯದೇ ಆಗಿತ್ತು. ಯಾವ ಡಿಸ್ಕ್ ಯಾವ ಫೋಲ್ಡರಿನಲ್ಲಿ ಕೂರಬೇಕೆಂದು ಬೂಟ್ ಆಗುವಾಗ ಸಿಸ್ಟಮ್ ನೋಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕನ್ನು ಎಸ್‌ಡಿಬಿ1 ಎಂಬ ಹೆಸರಿನಿಂದ ಬರೆದಿಟ್ಟಿದ್ದೆ. ಆ ಹೆಸರು ಕರ್ನಲ್ (ಸಿಸ್ಟಮಿನ ತಿರುಳು) ಪ್ರತಿ ಬೂಟ್‌ನಲ್ಲೂ ಡಿಸ್ಕ್ ಕಂಡ ಸರದಿಯಲ್ಲಿ ಹಂಚುವ ಟೋಕನ್ ಅಷ್ಟೇ. ಹೊಸ ಕರ್ನಲ್ ಬಂದ ಮೇಲೆ ಸರದಿ ತಿರುಗುಮುರುಗಾಗಿ ಎಸ್‌ಡಿಬಿ ಎಂಬ ಟೋಕನ್ ವಿಂಡೋಸ್ ಡಿಸ್ಕಿಗೆ ಹೋಗಿತ್ತು. ನಾನು ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ನನ್ನು ಲಿನಕ್ಸಿನ ಇಎಕ್ಸ್‌ಟಿ4 ಎಂದು ಮೌಂಟ್ ಮಾಡಲು ಹೊರಟಿದ್ದೆ. ಡೇಟಾ ಡಿಸ್ಕ್ ಪಕ್ಕದಲ್ಲೇ ಎಸ್‌ಡಿಸಿ ಎಂಬ ಹೆಸರಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು.

ಡಿಸ್ಕ್ಸ್ ಆ್ಯಪ್ ತೆರೆದೆ. ಒಂದು ಟಿಬಿ, ಇಎಕ್ಸ್‌ಟಿ4, ನಾಟ್ ಮೌಂಟೆಡ್. ಕೆಳಗೆ ಎರಡು ಗುಂಡಿ: ತ್ರಿಕೋನ ಮತ್ತು ಹಲ್ಲುಚಕ್ರ. ತ್ರಿಕೋನ ಒತ್ತಿದ್ದರೆ ಮೌಂಟ್ ಆಗುತ್ತಿತ್ತು, ಕಥೆ ಮುಗಿಯುತ್ತಿತ್ತು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹಲ್ಲುಚಕ್ರ ಒತ್ತಿ ಫಾರ್ಮ್ಯಾಟ್ ಮಾಡಿದೆ. ಆಮೇಲೆ ಬ್ಯಾಕಪ್ ಡಿಸ್ಕ್ ತೆರೆದೆ. ಅದೂ ಖಾಲಿ.

ಎಲ್ಲರೂ ನನ್ನ ತಪ್ಪು ಫಾರ್ಮ್ಯಾಟ್ ಮಾಡಿದ್ದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ತಪ್ಪು ಅದಕ್ಕೂ ಮೂರು ವರ್ಷ ಹಿಂದೆ, ಎಫ್‌ಎಸ್‌ಟ್ಯಾಬಿನ ಆ ಸಾಲಿನ ಕೊನೆಗೆ ‘ನೋಫೇಲ್’ ಎಂದು ಸೇರಿಸಿದಾಗಲೇ ಆಗಿತ್ತು. ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ ಎಂದು ಅದರರ್ಥ. ಎಲ್ಲಿ ಕೇಳಿದರೂ ಇದೇ ಮದ್ದು ಕೊಡುತ್ತಾರೆ, ನಿಮಗೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಈಗ ಮೌಂಟ್ ಪಾಯಿಂಟ್ ಅಂದರೇನು ನೋಡಿ. ಅದೊಂದು ಮಾಮೂಲಿ ಫೋಲ್ಡರ್, ನಿಮ್ಮ ಮುಖ್ಯ ಡಿಸ್ಕಿನಲ್ಲೇ ಇರುವಂಥದ್ದು. ಡಿಸ್ಕ್ ಬಂದರೆ ಅದರ ಮೇಲೆ ಕೂರುತ್ತದೆ. ಬಾರದಿದ್ದರೆ ಫೋಲ್ಡರ್ ಮಾಯವಾಗುವುದಿಲ್ಲ, ಬಸ್ಸು ಬಾರದ ದಿನವೂ ಬಸ್‌ಸ್ಟ್ಯಾಂಡ್ ಇರುವ ಹಾಗೆ ಅಲ್ಲೇ ಇರುತ್ತದೆ. ನನ್ನ ಬ್ಯಾಕಪ್ ಸ್ಕ್ರಿಪ್ಟ್ ದಿನಾ ರಾತ್ರಿ ಎರಡಕ್ಕೆ, ಫೈಲು ನಕಲಿಸುವ ಆರ್‌ಸಿಂಕ್ ಓಡಿಸುತ್ತಿತ್ತು, ‘ಡಿಲೀಟ್’ ಆಪ್ಷನ್ ಸಮೇತ. ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್ಪಿನಲ್ಲೂ ಅಳಿಸು ಎಂದು ಅದಕ್ಕೆ ನಾನೇ ಹೇಳಿಕೊಟ್ಟದ್ದು. ಅಪ್‌ಗ್ರೇಡ್ ಆದ ರಾತ್ರಿ ಅದು ಖಾಲಿ ಫೋಲ್ಡರನ್ನು ನೋಡಿತು, ಹೇಳಿದ ಕೆಲಸ ಮಾಡಿತು. ಎರರ್ ಕೊಡಲು ಅದಕ್ಕೆ ಕಾರಣವೇ ಇರಲಿಲ್ಲ. ಫೋಲ್ಡರ್ ಇದೆ, ಓದಲು ಬರುತ್ತದೆ, ಒಳಗೆ ಏನೂ ಇಲ್ಲ, ಅಷ್ಟೇ. ನಾಲ್ಕು ರಾತ್ರಿ ನನ್ನ ಬ್ಯಾಕಪ್ ‘ಯಶಸ್ವಿ’ ಎಂದು ಲಾಗ್ ಬರೆದುಕೊಂಡಿತ್ತು. ಬೂಟ್ ಆಗುವಾಗಲೇ ನಿಮ್ಮ ಹಾಗೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದಿದ್ದರೆ ರಾತ್ರಿ ಎರಡರ ಆ ಬ್ಯಾಕಪ್ ಕೆಲಸ ನಡೆಯುತ್ತಲೇ ಇರಲಿಲ್ಲ.

ಹಾಗಾಗಿ ನೀವು ಬೈಯುತ್ತಿರುವ ಆ ಎಮರ್ಜೆನ್ಸಿ ಮೋಡ್ ನಿಮ್ಮ ಪುಣ್ಯ. ಫಾರ್ಮ್ಯಾಟೋ ಹಳೇ ಆವೃತ್ತಿಯೋ ಎಂಬ ಪ್ರಶ್ನೆಯನ್ನೇ ಬಿಡಿ. ಉಬುಂಟುವಿನಲ್ಲಿ ಹಿಂದಕ್ಕೆ ಹೋಗುವ ಅಧಿಕೃತ ದಾರಿಯೇ ಇಲ್ಲ, ಮೊದಲಿಂದ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಹಾಗೆ ಮಾಡಿದರೂ ಅದೇ ಎಫ್‌ಎಸ್‌ಟ್ಯಾಬ್ ಸಾಲು ಮತ್ತೆ ಬರೆದರೆ ಅದೇ ಗತಿ.

ಎಮರ್ಜೆನ್ಸಿ ಮೋಡ್‌ನಲ್ಲಿ ಎಂಟರ್ ಒತ್ತಿ ಒಳಗೆ ಹೋಗಿ. ನ್ಯಾನೋ ಎಡಿಟರಿನಲ್ಲಿ ಎಫ್‌ಎಸ್‌ಟ್ಯಾಬ್ ತೆರೆದು, ಆ ಡಿಸ್ಕಿನ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ಸೇವ್ ಮಾಡಿ ರೀಬೂಟ್ ಮಾಡಿ. ಸಿಸ್ಟಮ್ ಏಳುತ್ತದೆ. ಆಮೇಲೆ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನು ಹೈಫನ್ ಎಫ್ ಸೇರಿಸಿ ಓಡಿಸಿ. ಯಾವ ಪಾರ್ಟಿಷನ್, ಯಾವ ಫೈಲ್‌ಸಿಸ್ಟಮ್, ಅದರ ಯುಯುಐಡಿ (ಬೂಟ್‌ನಿಂದ ಬೂಟ್‌ಗೆ ಬದಲಾಗದ ಗುರುತು) ಏನು, ಎಲ್ಲ ಒಂದೇ ಕಡೆ ಕಾಣುತ್ತದೆ. ಡಿಸ್ಕ್ ಅಲ್ಲಿ ಕಂಡರೆ ಹೆಚ್ಚಿನಂಶ ಎಫ್‌ಎಸ್‌ಟ್ಯಾಬಿನದ್ದೇ ತಕರಾರು. ಹೆಸರಿನ ಜಾಗದಲ್ಲಿ ಯುಯುಐಡಿ ಬರೆಯಿರಿ, ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಕೊಡಿ, ರೀಬೂಟ್ ಮಾಡುವ ಮುಂಚೆಯೇ ‘ಮೌಂಟ್ ಹೈಫನ್ ಎ’ ಓಡಿಸಿ ನೋಡಿ. ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ ಆದರೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಿ. ಕರ್ನಲ್ಲಿನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಐಓ ಎರರ್ ಸಾಲುಸಾಲಾಗಿ ಬರುತ್ತಿದ್ದರೆ ಮಾತ್ರ ಡಿಸ್ಕ್ ಸಾಯುತ್ತಿದೆ ಎಂದು ಹೆದರಿ. ಆಗ ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕೂಡ ಓಡಿಸಬೇಡಿ, ಮೊದಲು ಕಾಪಿ ತೆಗೆಯಿರಿ.

ಬ್ಯಾಕಪ್ ಕೇಬಲ್ ಮತ್ತೆ ಚುಚ್ಚುವ ಮುಂಚೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಮೌಂಟ್‌ಪಾಯಿಂಟ್’ ಕಮಾಂಡಿನ ಪರೀಕ್ಷೆ ಹಾಕಿ. ಡಿಸ್ಕ್ ನಿಜಕ್ಕೂ ಕೂತಿಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಬೇಕು. ನನ್ನದರಲ್ಲಿ ಈಗ ಅದಿದೆ, ನೋಫೇಲ್ ಇಲ್ಲ.

ಅಳಿಸಿಹೋದ ಫೈಲು ಹುಡುಕುವ ಫೋಟೋರೆಕ್ ಓಡಿಸಿ ಅರ್ಧಕ್ಕಿಂತ ಹೆಚ್ಚು ಫೈಲು ವಾಪಸ್ ಪಡೆದೆ. ಆದರೆ ಅದು ಫೈಲಿನ ಹೆಸರು ತರುವುದಿಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದನೆಯ ಸಂಖ್ಯೆ, ಅಷ್ಟೇ. ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ದನಿ ಮೊದಲ ವಾಕ್ಯಕ್ಕೇ ಗೊತ್ತಾಗುತ್ತದೆ. ಉಳಿದವರನ್ನು ಅಮ್ಮ ಕೇಳಿ ಹೇಳುತ್ತಾಳೆ, ನಾನು ಹೆಸರು ಟೈಪ್ ಮಾಡುತ್ತೇನೆ. ಇನ್ನೂ ಮೂವತ್ತು ಚಿಲ್ಲರೆ ಬಾಕಿ.

ಎಲ್‌ಎಸ್‌ಬಿಎಲ್‌ಕೆ ಏನು ತೋರಿಸಿತು, ಎಫ್‌ಎಸ್‌ಟ್ಯಾಬಿನ ಆ ಸಾಲು ಹೇಗಿದೆ, ಎರಡನ್ನೂ ಇಲ್ಲಿ ಹಾಕಿ. ರಾತ್ರಿ ಕರೆಂಟ್ ಇದ್ದರೆ ನೋಡಿ ಹೇಳುತ್ತೇನೆ.