ಸ್ಕ್ಯಾನ್ ಮಾಡಮ್ಮ, ಬರುತ್ತೆ

ಪತ್ರ: ಮಗನಿಗೆ ಏಳು ವರ್ಷ. ದುಡ್ಡಿಲ್ಲ ಕಣೋ ಅಂದರೆ ‘ಸ್ಕ್ಯಾನ್ ಮಾಡಮ್ಮ, ಬರುತ್ತೆ’ ಅನ್ನುತ್ತಾನೆ. ಕೈಗೆ ಕಾಸು ಕೊಟ್ಟು ಕಲಿಸೋಣ ಅಂದರೆ, ಇಷ್ಟು ಬೇಗ ದುಡ್ಡಿನ ರುಚಿ ಹತ್ತಿಸಬೇಡ ಅಂತ ನಮ್ಮ ಮನೆಯವರು. ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ: ತಾಯಿ, ನಿಮ್ಮ ಮನೆಯವರ ಅಂಜಿಕೆ ಸುಳ್ಳಲ್ಲ. ಕಾಸು ಸಿಕ್ಕ ಮಗು ಮೊದಲು ಓಡುವುದು ಚಿಪ್ಸ್ ಅಂಗಡಿಗೇ. ಓಡಲಿ ಬಿಡಿ. ಹತ್ತು ರೂಪಾಯಿ ಖರ್ಚಾದ ಮೇಲೆ ಇನ್ನೊಂದು ಹತ್ತು ಕೊಡಬೇಡಿ, ಅಷ್ಟೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೆಲ್ಲ ತರಲು ಕಳಿಸಿದ್ದರು. ತಂದ ಚಿಲ್ಲರೆಯಲ್ಲಿ ನಾಲ್ಕಾಣೆ ಕಮ್ಮಿ. ಅಪ್ಪ ಬೈಯಲಿಲ್ಲ. ಜಗಲಿಯ ಮೇಲೆ ಕಾಸು ಹರಡಿ, ನನ್ನ ಕೈಯಲ್ಲೇ ಎಣಿಸಿ, ವಾಪಸ್ ಕಳಿಸಿದರು. ಅಂಗಡಿಯವರು ಗಲ್ಲಾದಿಂದ ತೆಗೆದುಕೊಟ್ಟ ನಾಲ್ಕಾಣೆ ಮನೆ ಮುಟ್ಟುವಷ್ಟರಲ್ಲಿ ಮುಷ್ಟಿಯೊಳಗೆ ಬೆವೆತು ಒದ್ದೆಯಾಗಿತ್ತು. ಆ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಹೋಯಿತು; ನನ್ನ ಅಂಗೈ ಮಾತ್ರ ಅದನ್ನು ಮರೆತಿಲ್ಲ.

1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಅಮ್ಮ ಡಬ್ಬಿ ತಡಕಿ ಆ ಎರಡಾಣೆ ಹೊಂದಿಸುವುದನ್ನು ಮಕ್ಕಳು ಕಣ್ಣಾರೆ ನೋಡಬಹುದಿತ್ತು. ಈಗಿನ ಮಗು ನೋಡುವುದೇನು? ಅಪ್ಪ ಫೋನ್ ಎತ್ತಿ ಹಿಡಿಯುತ್ತಾನೆ, ಟಣ್ ಅನ್ನುತ್ತದೆ, ಸಾಮಾನು ಚೀಲಕ್ಕೆ ಬೀಳುತ್ತದೆ.

ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಗೆ ಹೋಗಿ ನೋಡಿ. ಒಂದು ಕಡೆ ನಾಲ್ಕನೇ ಕ್ಲಾಸಿನ ಹುಡುಗಿ ಮೆಂತ್ಯ ಸೊಪ್ಪಿಗೆ ನೀರು ಚಿಮುಕಿಸುತ್ತಾ ಕೂತಿದ್ದಳು. ‘ಹತ್ತಕ್ಕೆ ಎರಡು ಕಟ್ಟು ಕೊಡಮ್ಮ’ ಎಂದೆ. ‘ಆಗಲ್ಲ ಸರ್, ಅಜ್ಜಿ ಐದು ಗಂಟೆಗೇ ಎದ್ದು ಕಿತ್ತಿದ್ದು’ ಅಂದಳು. ತೆಪ್ಪಗೆ ಇಪ್ಪತ್ತು ಕೊಟ್ಟೆ. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಶಾಲೆಗಳಿಗೆ ಇಂಥದ್ದೊಂದು ಸಂತೆ ಯಾಕೆ ಬೇಡವಾಗಿದೆ? ಮಾಲ್‌ನಲ್ಲಿ ಬಿಲ್ ಓದದೆ ಕಟ್ಟಿ ಬಂದು, ಬೀದಿಯ ಸೊಪ್ಪಿನಮ್ಮನ ಹತ್ತಿರ ಎರಡು ರೂಪಾಯಿಗೆ ಜಗಳವಾಡುತ್ತೇವೆ. ಪಕ್ಕದಲ್ಲಿ ಕೈಹಿಡಿದು ನಿಂತ ಮಗು ಅದನ್ನೂ ಕಲಿಯುತ್ತದೆ. ಈ ಮಾತು ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ನಿಮ್ಮ ಮಗನಿಗೆ ಅದಕ್ಕೆ ಇನ್ನೂ ಮೂರು ವರ್ಷ ಇದೆ. ಈ ಭಾನುವಾರವೇ ಐವತ್ತು ರೂಪಾಯಿ ಚಿಲ್ಲರೆ ಕೊಟ್ಟು ಕೊತ್ತಂಬರಿ ಸೊಪ್ಪಿಗೆ ಕಳಿಸಿ. ಉಳಿದದ್ದನ್ನು ನೆಲದ ಮೇಲೆ ಹರಡಿ ಎಣಿಸಲಿ. ನಿಮ್ಮ ಮನೆಯವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.