ವಿಕ್ಟೋರಿಯಾ ಜಲಪಾತದ ಸೇತುವೆ ಮೇಲೆ ನಡೆಯೋಕೆ ಜಾಂಬಿಯಾ ವೀಸಾ ಬೇಕಾ?

ಜಿಂಬಾಬ್ವೆ ಮತ್ತು ಜಾಂಬಿಯಾ ನಡುವಿನ ಈ ಸೇತುವೆಯನ್ನು ಜಿಂಬಾಬ್ವೆ ಕಡೆಯಿಂದ ನೋಡಿ ವಾಪಸ್ ಬರುವುದಾದರೆ ಬೇಡ. ಜಿಂಬಾಬ್ವೆ ಕಡೆಯ ಗಡಿ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ, ಸೇತುವೆ ತನಕ ಹೋಗಿ ಬರ್ತೀನಿ ಅಂದರೆ ಒಂದು ಸಣ್ಣ ಚೀಟಿ ಕೊಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎರಡೂ ದೇಶಗಳ ತಪಾಸಣೆ ಕಚೇರಿಗಳು ಇರುವುದು ಸೇತುವೆಯ ಆಚೆ ಈಚೆ ದಡದಲ್ಲಿ, ಗಡಿ ಗೆರೆ ಮಾತ್ರ ನಟ್ಟನಡುವೆ. ಹಾಗಾಗಿ ಎಷ್ಟು ಓಡಾಡಿದರೂ ಜಾಂಬಿಯಾದ ಕಚೇರಿ ದಾಟುವ ತನಕ ಆ ದೇಶದೊಳಗೆ ಹೋದ ಲೆಕ್ಕವಿಲ್ಲ. 1905ರ ಈ ಸೇತುವೆ ಬರೀ 198 ಮೀಟರ್ ಉದ್ದ, ಆದರೆ ಜಾಂಬೆಜಿ ನದಿ ಇರುವುದು 128 ಮೀಟರ್ ಕೆಳಗೆ! ಸೇತುವೆ ದಾಟುವ ರೈಲಿನ ಮೇಲೆ ಜಲಪಾತದ ತುಂತುರು ಬೀಳಲಿ ಅಂತಲೇ ಇಷ್ಟು ಹತ್ತಿರ ಕಟ್ಟಿದ್ದು. ಏಪ್ರಿಲ್ ಹೊತ್ತಿಗೆ ನದಿ ತುಂಬಿರುತ್ತದೆ, ಫೋನಿಗೊಂದು ಪ್ಲಾಸ್ಟಿಕ್ ಕವರ್ ಇರಲಿ.