ಒದ್ದೆಯಾದ ಹಾಳೆಯಲ್ಲಿ ಉಳಿದ ಬೀಗದ ಕೈ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಅಡಿಕೆ ತೋಟ. ಮೇ ತಿಂಗಳಲ್ಲಿ ಬಡಿದ ಸಿಡಿಲಿಗೆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಶಿವಮೊಗ್ಗದ ರಿಪೇರಿ ಅಂಗಡಿಯೊಂದರಲ್ಲಿ ಬೇರೆ ಬೋರ್ಡ್ ಹಾಕಿಸಿದ ಮೇಲೆ, ಆನ್ ಮಾಡಿದಾಗಲೆಲ್ಲ ನೀಲಿ ಪರದೆ ಬಂದು, ವಿಂಡೋಸ್ ಡಿಸ್ಕಿಗೆ ಹಾಕುವ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಕೇಳುತ್ತಿದೆ. ಮಗ ಹಿಂದೊಮ್ಮೆ ಅದನ್ನು ಪ್ರಿಂಟ್ ತೆಗೆದು ಕೊಟ್ಟಿದ್ದ. ಹಾಳೆ ಸಿಕ್ಕಿದೆ, ಆದರೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಎರಡು ಗುಂಪುಗಳಲ್ಲಿ ಒಂದೊಂದು ಅಂಕಿ ಅಳಿಸಿಹೋಗಿದೆ. ಲ್ಯಾಪ್‌ಟಾಪಿನ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಮಗನಿಗೂ ನೆನಪಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಕೊನೆಗಾರರ ಕೂಲಿ, ಮಂಡಿಯ ಬಾಕಿ, ಆರು ವರ್ಷದ ಲೆಕ್ಕವೆಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಅದರಿಂದ ಲ್ಯಾಪ್‌ಟಾಪ್ ಸರಿಹೋಗುತ್ತದೆ, ಲೆಕ್ಕ ಮಾತ್ರ ಹೋಗುತ್ತದೆ. ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಪ್ರಯೋಜನವಿಲ್ಲ, ಅಲ್ಲಿಯೂ ಇದೇ ಕೀಯನ್ನು ಕೇಳುತ್ತದೆ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ರಹಸ್ಯವನ್ನು ಬೋರ್ಡಿನ ಮೇಲಿರುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯ ವಶಕ್ಕೆ ಒಪ್ಪಿಸಲಾಗಿರುತ್ತದೆ. ಬೋರ್ಡ್ ಬದಲಾದಾಗ ಆ ಕಾವಲುಗಾರನೇ ಬದಲಾದಂತೆ, ಹೊಸಬನಿಗೆ ಹಳೆಯ ರಹಸ್ಯ ತಿಳಿಯದು. ಕಳ್ಳನೊಬ್ಬ ಡಿಸ್ಕನ್ನು ಕದ್ದೊಯ್ದಾಗ ಏನಾಗಬೇಕೋ ಅದೇ ನಿಮಗೆ ಆಗಿದೆ. ಬೀಗದ್ದೇನೂ ತಪ್ಪಿಲ್ಲ. ಬೀಗ ಬಿದ್ದಿರುವ ಸಂಗತಿ ಮನೆಯ ಯಜಮಾನನಿಗೇ ಗೊತ್ತಿರದಂತೆ, ಮೊದಲ ಸಲ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ತಾನಾಗಿ ಬೀಗ ಹಾಕಿಕೊಳ್ಳುವ ಏರ್ಪಾಟಿನ ಬಗ್ಗೆ ಮಾತ್ರ ನನಗೆ ತಕರಾರಿದೆ.

ನಿಮ್ಮ ಹಾಳೆಯ ವಿಷಯಕ್ಕೆ ಬರೋಣ. ಅಳಿಸಿಹೋದ ಅಂಕಿಗಳನ್ನು ನೀವೇ ಲೆಕ್ಕ ಹಾಕಿ ಕಂಡುಹಿಡಿಯಬಹುದು. ಈ 48 ಅಂಕಿಗಳು ಆರಾರು ಅಂಕಿಗಳ ಎಂಟು ಗುಂಪುಗಳಾಗಿರುತ್ತವೆ, ಮತ್ತು ಬರೆದುಕೊಳ್ಳುವಾಗ ಆಗುವ ತಪ್ಪನ್ನು ಹಿಡಿಯಲೆಂದೇ ಪ್ರತಿಯೊಂದು ಗುಂಪನ್ನೂ 11ರಿಂದ ನಿಶ್ಶೇಷವಾಗಿ ಭಾಗವಾಗುವಂತೆ ರಚಿಸಲಾಗಿದೆ. ಹೈಸ್ಕೂಲಿನಲ್ಲಿ ಕಲಿತ ಭಾಜ್ಯತೆಯ ನಿಯಮವನ್ನು ನೆನಪಿಸಿಕೊಳ್ಳಿ: ಒಂದು, ಮೂರು, ಐದನೆಯ ಸ್ಥಾನದ ಅಂಕಿಗಳನ್ನು ಕೂಡಿ, ಎರಡು, ನಾಲ್ಕು, ಆರನೆಯವನ್ನು ಬೇರೆಯಾಗಿ ಕೂಡಿ, ಎರಡೂ ಮೊತ್ತಗಳು ಸಮವಾಗಿರಬೇಕು, ಇಲ್ಲವೇ ವ್ಯತ್ಯಾಸ 11 ಅಥವಾ 22 ಆಗಿರಬೇಕು. ಉದಾಹರಣೆಗೆ, ಒಂದು ಗುಂಪಿನಲ್ಲಿ 2, 5 ಕಾಣಿಸಿ, ಮೂರನೆಯದು ಅಳಿಸಿ, ಬಳಿಕ 3, 8, 6 ಉಳಿದಿವೆಯೆನ್ನಿ. ಎರಡನೆಯ ಮೊತ್ತ 14, ಮೊದಲನೆಯದು ಸದ್ಯಕ್ಕೆ 10. ಆದ್ದರಿಂದ ಅಳಿಸಿದ ಅಂಕಿ 4. ಇಡೀ ಗುಂಪು 254386, ಅದು 11ರ 23126 ಪಟ್ಟು. ಗುಂಪಿಗೊಂದೇ ಅಂಕಿ ಅಳಿಸಿದ್ದರೆ ಉತ್ತರವೂ ಒಂದೇ. ಒಂದೇ ಗುಂಪಿನಲ್ಲಿ ಎರಡು ಅಂಕಿಗಳು ಹೋಗಿದ್ದರೂ ಹತ್ತರ ಆಸುಪಾಸಿನಷ್ಟು ಸಾಧ್ಯತೆಗಳು ಮಾತ್ರ ಉಳಿಯುತ್ತಿದ್ದವು, ಒಂದು ಸಂಜೆಯ ಕೆಲಸ. ಎಲ್ಲಕ್ಕೂ ಮೊದಲು, ಹಾಳೆಯ ಮೇಲಿನ ಗುರುತು ಸಂಖ್ಯೆಯ ಮೊದಲ ಎಂಟು ಅಕ್ಷರಗಳು ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಗೆ ಹೊಂದುತ್ತವೆಯೇ ನೋಡಿಕೊಳ್ಳಿ. ಹೊಂದದಿದ್ದರೆ ಅದು ಬೇರೆ ಡಿಸ್ಕಿನ ಅಥವಾ ಹಳೆಯ ಬೀಗದ ಕೈ.

ಹಾಗೇನಾದರೂ ಆದಲ್ಲಿ, ಲ್ಯಾಪ್‌ಟಾಪ್ ಕೊಂಡ ದಿನ ಅದನ್ನು ಮೊದಲು ತೆರೆದವರು ಯಾರೆಂದು ನೆನಪಿಸಿಕೊಳ್ಳಿ. ಕೀ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಕುಳಿತಿರುತ್ತದೆ. ಅದು ಮಗನದಾಗಿರಬಹುದು, ಮಾರಿದ ಅಂಗಡಿಯ ಹುಡುಗ ಅವಸರದಲ್ಲಿ ತೆರೆದ ಹೊಸ ಅಕೌಂಟೂ ಆಗಿರಬಹುದು. ಹಳೆಯ ಮದರ್‌ಬೋರ್ಡನ್ನು ರಿಪೇರಿ ಅಂಗಡಿಯಿಂದ ವಾಪಸ್ ಪಡೆದಿಟ್ಟುಕೊಳ್ಳಿ. ಅದು ದುರಸ್ತಿಯಾದರೆ ಹಳೆಯ ಕಾವಲುಗಾರನೇ ಬಾಗಿಲು ತೆಗೆದಾನು.

ಪ್ರಶ್ನೆ: ನಾನು ಸಾಗರದ ವಿದ್ಯಾರ್ಥಿನಿ. ವಿಂಡೋಸ್ ಜೊತೆಗೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಸೆಕ್ಯೂರ್ ಬೂಟ್ ಆಫ್ ಮಾಡಿದೆ. ವಿಂಡೋಸ್ ಕೀ ಕೇಳತೊಡಗಿತು. ಎರಡಕ್ಕೂ ಏನು ಸಂಬಂಧ, ಸರ್?

ಉತ್ತರ: ಗಣಕಯಂತ್ರ ಆರಂಭವಾಗುವಾಗ ಓಡುವ ಮೊದಲ ಪ್ರೋಗ್ರಾಮುಗಳು ನಂಬಿಕಸ್ತರ ಸಹಿ ಹೊಂದಿವೆಯೇ ಎಂದು ನೋಡುವುದು ಸೆಕ್ಯೂರ್ ಬೂಟ್‌ನ ಕೆಲಸ. ಆ ತಪಾಸಣೆ ಚಾಲೂ ಇದೆಯೇ ಎಂಬುದನ್ನೂ ಟಿಪಿಎಂ ಗುರುತಿಟ್ಟುಕೊಂಡಿರುತ್ತದೆ. ಗುರುತು ತಪ್ಪಿದರೆ ರಹಸ್ಯವನ್ನು ಬಿಟ್ಟುಕೊಡುವುದಿಲ್ಲ. ಮೊದಲಿನಂತೆ ಆನ್ ಮಾಡಿ ನೋಡಮ್ಮ, ಬಹುಪಾಲು ಸಂದರ್ಭಗಳಲ್ಲಿ ಕೀ ಕೇಳುವುದು ನಿಲ್ಲುತ್ತದೆ. ವಿಚಿತ್ರವೆಂದರೆ ನಿನ್ನ ಶ್ರಮವೇ ಬೇಕಿರಲಿಲ್ಲ: ಉಬುಂಟುವಿನ ಆರಂಭಿಕ ಪ್ರೋಗ್ರಾಮಿಗೂ ಮೈಕ್ರೋಸಾಫ್ಟ್‌ನ ಸಹಿಯಿದೆ, ಸೆಕ್ಯೂರ್ ಬೂಟ್ ಆನ್ ಇದ್ದರೂ ಅದು ಓಡುತ್ತದೆ. ಮುಂದೆ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಮು) ಅಪ್‌ಡೇಟ್ ಮಾಡುವ ಮೊದಲು ಬಿಟ್‌ಲಾಕರನ್ನು ‘ಸಸ್ಪೆಂಡ್’ ಮಾಡಬೇಕು, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಬೇಕು, ಗೂಢಲಿಪಿಯನ್ನೇ ತೆಗೆದುಹಾಕಬೇಕಾಗಿಲ್ಲ. ಸೆಕ್ಯೂರ್ ಬೂಟ್‌ಗೆ 2011ರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಪ್ರಮಾಣಪತ್ರಗಳ ಅವಧಿಯು 2026ರ ಜೂನ್‌ನಿಂದ ತೀರತೊಡಗುವುದರಿಂದ ಇಂಥ ಅಪ್‌ಡೇಟುಗಳು ಎಲ್ಲರ ಮನೆಗೂ ಬರುವಂಥವೇ. ಆದ್ದರಿಂದ ಕೀಯನ್ನು ಈಗಲೇ ಬರೆದಿಟ್ಟುಕೊ, ಅದೇ ಲ್ಯಾಪ್‌ಟಾಪಿನ ಫೈಲಿನಲ್ಲಿ ಬೇಡ.

ಪ್ರಶ್ನೆ: ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಮೈಕ್ರೋಸಾಫ್ಟ್ ಅಕೌಂಟಿನ ಒಟಿಪಿಗಾಗಿ ಗುಡ್ಡ ಹತ್ತಿ ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮೂರು ಸಲ ಹೀಗಾಗಿ ಅಕೌಂಟೇ ಲಾಕ್ ಆಯಿತು.

ಉತ್ತರ: ಲಾಕ್ ತೆರವಾದ ದಿನವೇ ಆಥೆಂಟಿಕೇಟರ್ ಆ್ಯಪ್ ಜೋಡಿಸಿಕೊಳ್ಳಿ. ಅದು ಸಿಗ್ನಲ್‌ನ ಹಂಗಿಲ್ಲದೆ, ಫೋನಿನ ಗಡಿಯಾರವನ್ನೇ ಆಧರಿಸಿ 30 ಸೆಕೆಂಡಿಗೊಂದು ಹೊಸ ಸಂಖ್ಯೆ ತೋರಿಸುತ್ತದೆ, ಹಾಗಾಗಿ ಗಡಿಯಾರ ಸರಿಯಾಗಿರಬೇಕು. ಹಳೆಯ ಮೊಬೈಲ್ ನಂಬರನ್ನು ಸಿಟ್ಟಿನಲ್ಲಿ ತೆಗೆದುಹಾಕಬೇಡಿ: ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಗುರುತಿನ ವಿವರಗಳನ್ನೆಲ್ಲ ಒಮ್ಮೆಗೇ ಬದಲಿಸಿದರೆ ಹೊಸವು ಜಾರಿಗೆ ಬರಲು 30 ದಿನ ಕಾಯಬೇಕಾಗುತ್ತದೆ.